ಸ್ಟೋರ್ಸಿನಿಂದ ಬಂದ ಮ್ಯಾನೇಜರ್

ಫುಟ್‌ಬಾಲ್ ತಂಡ ನಡೆಸುವವನಿಗೆ ಫುಟ್‌ಬಾಲ್ ಗೊತ್ತಿರಬೇಕು ಎಂದು ನಾನು ಆಗ ನಂಬಿದ್ದೆ. ನಗಬೇಡಿ. ಪೀಣ್ಯ ಎರಡನೇ ಹಂತದಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ ಹಾಗೆ ನಂಬಿದವರು ಬೇಕಾದಷ್ಟು ಜನ ಇದ್ದರು. ಮೀಟಿಂಗಿನ ಮೇಜಿನ ಸುತ್ತ ಕೂತವರಲ್ಲಿ ಮಾತ್ರ ಅಂಥವರು ಇರಲಿಲ್ಲ.

ನಾನು ಆ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಸ್ಟೆನೋ. ತೊಂಬತ್ತರ ದಶಕದ ನಡುವಿನ ಮಾತು. ಬೆಂಗಳೂರಿನ ಎಷ್ಟೋ ಕಾರ್ಖಾನೆಗಳಿಗೆ ಆಗ ಒಂದೊಂದು ಫುಟ್‌ಬಾಲ್ ತಂಡ ಇರುತ್ತಿತ್ತು. ನಮ್ಮದು ದೊಡ್ಡ ಕಾರ್ಖಾನೆಯೇನಲ್ಲ, ಆದರೆ ತಂಡ ಮಾತ್ರ ಊರಿನ ಲೀಗಿನ ಎ ಡಿವಿಜನ್‌ನಲ್ಲಿತ್ತು. ಅದಕ್ಕಿಂತ ಮೇಲಿನ ಮೆಟ್ಟಿಲೇ ಇರಲಿಲ್ಲ. ಹಿಂದೆ ಯಾವಾಗಲೋ ಗೆದ್ದಿದ್ದ ಒಂದು ಟ್ರೋಫಿ ಗೇಟಿನ ಪಕ್ಕದ ಟೈಮ್ ಆಫೀಸಿನಲ್ಲಿ, ಗಾಜಿನ ಬೀರುವಿನೊಳಗೆ ಧೂಳು ಹಿಡಿದುಕೊಂಡು ಕೂತಿತ್ತು.

ನನಗೆ ಈ ಆಟದ ಗಂಧಗಾಳಿ ಇರಲಿಲ್ಲ. ಅದು ಅಂಟಿಕೊಂಡಿದ್ದು ಮದುವೆಯಿಂದ. ನಮ್ಮ ಮನೆಯವರು ಆ ತಂಡದ ಗೋಲ್‌ಕೀಪರ್. ಆಟಗಾರರ ಕೋಟಾದಲ್ಲಿ ಸೇರಿದವರು, ಕೆಲಸ ಟೆಂಪರರಿ. ಆರು ತಿಂಗಳಿಗೊಮ್ಮೆ ಅವರ ಆರ್ಡರ್ ಮುಂದುವರಿಸಬೇಕು. ಅದನ್ನು ಟೈಪ್ ಮಾಡುವವಳು ನಾನು. ಪ್ರತಿಸಲ ಬಂದು ಬಾಗಿಲಲ್ಲಿ ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ವಿನಯ ಎಂದುಕೊಂಡಿದ್ದೆ, ಆ ಎತ್ತರಕ್ಕೆ ನಮ್ಮ ಬಾಗಿಲು ಸಾಲುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಟೆಂಪರರಿ ಆರ್ಡರ್ ಟೈಪ್ ಮಾಡಿ ಮಾಡಿ ಕೊನೆಗೆ ಮನುಷ್ಯನನ್ನೇ ಪರ್ಮನೆಂಟ್ ಮಾಡಿಕೊಂಡಳು ಎಂದು ಆಫೀಸಿನವರು ನನ್ನನ್ನು ರೇಗಿಸುತ್ತಿದ್ದರು. ಕಾರ್ಖಾನೆ ಮಾತ್ರ ಅವರನ್ನು ಪರ್ಮನೆಂಟ್ ಮಾಡಿಕೊಳ್ಳಲಿಲ್ಲ.

ಆ ವರ್ಷ ವಿ.ಆರ್.ಎಸ್. ಗಾಳಿ ಬೀಸಿತು. ಒಂದಿಷ್ಟು ದುಡ್ಡು ಕೊಟ್ಟು, ಹಾರ ಹಾಕಿ, ವಯಸ್ಸಿಗೆ ಮುಂಚೆ ಮನೆಗೆ ಕಳಿಸುವ ಏರ್ಪಾಡು. ನಮ್ಮ ತಂಡದ ಕೋಚ್ ಕೂಡ ಅದಕ್ಕೆ ಸಹಿ ಹಾಕಿ ಹೋದರು. ಅವರು ಹೋದಮೇಲೆ ತಂಡ ಹಳಿ ತಪ್ಪಿತು. ಸೋತಿತು, ಮತ್ತೆ ಸೋತಿತು, ಪಟ್ಟಿಯ ತಳಕ್ಕೆ ಬಂದು ಕೂತಿತು. ಇನ್ನು ಕೆಳಗಿಳಿದರೆ ಬಿ ಡಿವಿಜನ್.

ಒಂದು ದಿನ ನಮ್ಮ ಸಾಹೇಬರು, ಅಂದರೆ ಸಿಬ್ಬಂದಿ ವಿಭಾಗದ ಮುಖ್ಯಸ್ಥರು, ನನ್ನನ್ನು ಒಳಗೆ ಕರೆದು ಕೂರಿಸಿ ಹೇಳಿದರು: "ನೋಡಿಮ್ಮಾ, ನಿಮ್ಮ ಯಜಮಾನ್ರ ವಿಷಯ ಅಂತ ಮೊದಲೇ ಹೇಳ್ತಿದೀನಿ. ಟೀಮ್ ಎ ಡಿವಿಜನ್ನಲ್ಲಿ ಉಳಿದ್ರೆ ಟೆಂಪರರಿ ಪ್ಲೇಯರ್‌ಗಳನ್ನ ಕನ್‌ಫರ್ಮ್ ಮಾಡೋಣ ಅಂತ ಹೆಡ್ ಆಫೀಸ್ ಒಪ್ಪಿದೆ. ಇಳಿದ್ರೆ ಟೀಮೇ ಬೇಡ ಅಂದಿದಾರೆ. ಟೀಮ್ ಇಲ್ಲ ಅಂದ್ಮೇಲೆ ಪ್ಲೇಯರ್ ಯಾಕೆ?"

ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಸಂಜೆ ಲಗ್ಗೆರೆಯ ನಮ್ಮ ಬಾಡಿಗೆ ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮವರು ಬಿಸಿನೀರಿನ ಬಟ್ಟೆಯನ್ನು ಮಂಡಿಯ ಮೇಲೆ ಒತ್ತಿಕೊಂಡು ಕೂತಿದ್ದರು. ಕಾರ್ಖಾನೆಯ ಹಿಂದಿನ ಮೈದಾನದಲ್ಲೇ ಅವರ ಪ್ರಾಕ್ಟೀಸು. ಕೆಂಪು ಮಣ್ಣಿನಲ್ಲಿ ಲೇತ್ ಯಂತ್ರದಿಂದ ಬಿದ್ದ ಕಬ್ಬಿಣದ ಸುರುಳಿ ಚೂರುಗಳು ಕಲೆತಿರುತ್ತಿದ್ದವು. ಬಾಲಿಗೆ ಹಾರಿ ಬಿದ್ದಾಗಲೆಲ್ಲ ಮೊಣಕೈ ಮಂಡಿ ತರಚಿಕೊಂಡು ಬರುತ್ತಿದ್ದರು.

"ಕೋಚ್ ಒಬ್ರು ಬಂದ್ರೆ ಸಾಕು ಕಣೆ, ಉಳ್ಕೋತೀವಿ. ಪೇಂಟ್ ಶಾಪ್ ಅಣ್ಣ ಇದಾರಲ್ಲ," ಎಂದರು.

ಪೇಂಟ್ ಶಾಪಿನ ಅಣ್ಣ ಎಂದರೆ ಕಾರ್ಖಾನೆಯ ಬಣ್ಣ ಹೊಡೆಯುವ ವಿಭಾಗದವರು, ಒಂದು ಕಾಲದಲ್ಲಿ ಇದೇ ತಂಡದ ಸೆಂಟರ್ ಫಾರ್ವರ್ಡ್. ಗೌತಮಪುರದವರು. ಆ ಬೀದಿಗಳಲ್ಲಿ ಮಕ್ಕಳು ನಡೆಯುವುದಕ್ಕಿಂತ ಮುಂಚೆ ಒದೆಯಲು ಕಲಿಯುತ್ತಾರೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಬಾಯಿ ತುಂಬ ಎಲೆಯಡಿಕೆ, ಬಾಯಿ ತುಂಬ ಬೈಗುಳ. ತಾನು ಹಾಕಿದ ಗೋಲುಗಳನ್ನು ಹೇಳುವಾಗ ಪ್ರತಿಸಲ ಒಂದೊಂದು ಸೇರಿಸುತ್ತಿದ್ದರು. ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಆದರೆ ಅವರು ಮೈದಾನದ ಅಂಚಿನಲ್ಲಿ ನಿಂತು ಕೂಗಿದರೆ ಹುಡುಗರ ಕಾಲು ತಾನಾಗಿ ಓಡುತ್ತಿತ್ತು. "ಸೀಟಿ ಊದೋವರ್ಗೂ ನಿಲ್ಬೇಡ್ರೋ, ಡೇಯ್!" ಎಂಬ ಅವರ ಕೂಗು ಟೈಪ್ ಮಾಡುತ್ತಾ ಕೂತ ನನ್ನ ಕಿವಿಗೂ ಬೀಳುತ್ತಿತ್ತು. ತಂಡಕ್ಕೆಲ್ಲ ಅವರೇ ಬೇಕಾಗಿತ್ತು. ಅವರಿಗೂ ಬೇಕಾಗಿತ್ತು; ಸಂಬಳ ಬೇಡ, ಶಿಫ್ಟಿನಿಂದ ಮಧ್ಯಾಹ್ನ ಬಿಟ್ಟರೆ ಸಾಕು ಎಂದಿದ್ದರು.

ಅಲ್ಲೇ ಬಂತು ತಕರಾರು. ವಿ.ಆರ್.ಎಸ್. ತೆಗೆದುಕೊಂಡವರ ಹುದ್ದೆ ಅವರ ಜೊತೆಯಲ್ಲೇ ಸತ್ತಂತೆ. ಮತ್ತೆ ತುಂಬುವ ಹಾಗಿಲ್ಲ. ಕಾರ್ಖಾನೆಯ ಲೆಕ್ಕದಲ್ಲಿ ಇನ್ನು ಮೇಲೆ 'ಕೋಚ್' ಎಂಬ ಪ್ರಾಣಿಯೇ ಇಲ್ಲ.

ಇದಕ್ಕೆ ಉಪಾಯ ಹುಡುಕಿದವರು ನಮ್ಮ ಸ್ಪೋರ್ಟ್ಸ್ ಸೆಕ್ರೆಟರಿ. ಅಕೌಂಟ್ಸಿನಲ್ಲಿದ್ದ ಚುರುಕು ಮನುಷ್ಯ. ಮನೆಗೆ ಹೊಸದಾಗಿ ಕೇಬಲ್ ಹಾಕಿಸಿಕೊಂಡು ಇಂಗ್ಲೆಂಡಿನ ಮ್ಯಾಚುಗಳನ್ನು ನೋಡುವ ಚಟ ಹತ್ತಿಸಿಕೊಂಡಿದ್ದರು. "ಅಲ್ಲಿ ಕೋಚ್ ಅನ್ನೋದೇ ಇಲ್ಲ ಸಾರ್, ಮ್ಯಾನೇಜರ್ ಅಂತಾರೆ. ನಮಗೆ ಕೋಚ್ ಪೋಸ್ಟ್ ತಾನೆ ಇಲ್ಲ? ಮ್ಯಾನೇಜರ್ ಅಂತ ಹಾಕ್ಕೊಂಡು ಪರ್ಮಿಷನ್ ಕೇಳಣ," ಎಂದರು. ಸಾಹೇಬರು ನಕ್ಕರು. ನಾನು ಟೈಪ್ ಮಾಡಿದೆ, ಕಾಗದ ಹೋಯಿತು. ಹೆಡ್ ಆಫೀಸಿನಲ್ಲಿ ಯಾರಿಗೆ ಏನು ಅರ್ಥವಾಯಿತೋ, ಫುಟ್‌ಬಾಲ್ ತಂಡಕ್ಕೆ ಒಬ್ಬ ಮ್ಯಾನೇಜರನ್ನು ನೇಮಿಸಿಕೊಳ್ಳಬಹುದು ಎಂದು ಮಂಜೂರಾಗಿಯೇ ಬಂತು.

ಆ ದಿನ ನಾವು ಹಬ್ಬ ಮಾಡಿದೆವು. ಕೆಲಸ ಬಿಟ್ಟ ಕೂಡಲೆ ನಾನು ಅರ್ಧ ಕೇಜಿ ಜಹಾಂಗೀರ್ ಕಟ್ಟಿಸಿಕೊಂಡು ಬಂದೆ. ಪೇಂಟ್ ಶಾಪಿನ ಅಣ್ಣ ಮನೆಗೇ ಬಂದು, ಒಂದೇ ಸಲಕ್ಕೆ ಎರಡು ಬಾಯಿಗೆ ಹಾಕಿಕೊಂಡು, "ನೋಡಮ್ಮಾ, ಇನ್ಮೇಲೆ ನಾನೂ ಮ್ಯಾನೇಜರ್. ನಮ್ಮ ಫೋರ್‌ಮನ್ ನನಗೆ ಸಲಾಂ ಹೊಡೀಬೇಕು!" ಎಂದು ಎದೆ ಉಬ್ಬಿಸಿದರು. ನಾವೆಲ್ಲ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಅದು ನಗುವ ಮಾತಲ್ಲ ಎಂದು ಆ ವಾರವೇ ಗೊತ್ತಾಯಿತು.

ಹೆಸರು ಗೊತ್ತುಮಾಡುವ ಮೀಟಿಂಗಿಗೆ ಮೂವರು ಕೂತಿದ್ದರು. ಸಾಹೇಬರು, ಸ್ಪೋರ್ಟ್ಸ್ ಸೆಕ್ರೆಟರಿ, ಯೂನಿಯನ್ ಲೀಡರ್. ಬರೆದುಕೊಳ್ಳಲು ನಾನು. ಸೆಕ್ರೆಟರಿ ಪೇಂಟ್ ಶಾಪಿನ ಅಣ್ಣನ ಹೆಸರು ಎತ್ತಿದ ಕೂಡಲೆ ಸಾಹೇಬರು ಕನ್ನಡಕ ತೆಗೆದರು.

"ಅವನು ವರ್ಕರ್ ಕಣ್ರೀ. ವರ್ಕರ್‌ಗೆ ಮ್ಯಾನೇಜರ್ ಅಂತ ನಾನು ಆರ್ಡರ್ ಕೊಡಕ್ಕಾಗುತ್ತಾ? ನಾಳೆ ಅದೇ ಕಾಗದ ಹಿಡ್ಕೊಂಡು ಲೇಬರ್ ಕೋರ್ಟಿಗೆ ಹೋಗಿ ಮ್ಯಾನೇಜರ್ ಗ್ರೇಡ್ ಕೊಡಿ ಅಂತಾನೆ. ಕೊಡೋರು ಯಾರು, ನೀವಾ?"

ಯೂನಿಯನ್ ಲೀಡರ್ ಮೇಜು ಕುಟ್ಟುತ್ತಾರೆ, ಕೆಲಸಗಾರನ ಪರ ನಿಲ್ಲುತ್ತಾರೆ ಎಂದು ನಾನು ಪೆನ್ನು ಎತ್ತಿ ಕಾದೆ. ಆ ಮನುಷ್ಯ ಕುಟ್ಟಿದ್ದೂ ನಿಜ. "ನಾನೂ ಒಪ್ಪಲ್ಲ ಸಾರ್! ಮ್ಯಾನೇಜರ್ ಅಂದ್ಮೇಲೆ ಅವನು ವರ್ಕ್‌ಮನ್ ಅಲ್ಲ. ಯೂನಿಯನ್ನಿಂದ ಆಚೆ ಹೋಗ್ತಾನೆ. ಹಿಂಗೆ ನಮ್ಮೋರನ್ನ ಒಬ್ಬೊಬ್ಬರನ್ನೇ ಮೆಲ್ಲಗೆ ನಿಮ್ಮ ಕಡೆ ಎಳ್ಕೊಳ್ಳೋ ಪ್ಲಾನು ನಮಗೆ ಗೊತ್ತಾಗಲ್ವಾ?"

ಕ್ಯಾಂಟೀನಿನ ಇಡ್ಲಿ ಗಾತ್ರದ ಬಗ್ಗೆ ಕೂಡ ಒಮ್ಮತಕ್ಕೆ ಬಾರದಿದ್ದ ಯೂನಿಯನ್ನೂ ಮ್ಯಾನೇಜ್‌ಮೆಂಟೂ ಅವತ್ತು ಒಂದಾದವು. ಮ್ಯಾನೇಜರ್ ಆಗುವವನು ಮೊದಲೇ ಮ್ಯಾನೇಜರ್ ಆಗಿರಬೇಕು. ನನಗೆ ತಡೆಯಲಾಗಲಿಲ್ಲ.

"ಸಾರ್, ಹೆಸರು ಬೇರೆ ಏನಾದ್ರೂ ಇಟ್ರೆ? ತರಬೇತುದಾರ ಅಂತಲೋ, ಗೈಡ್ ಅಂತಲೋ..."

"ಹೆಡ್ ಆಫೀಸಿಂದ ಮಂಜೂರಾಗಿರೋದು ಮ್ಯಾನೇಜರ್ ಅಂತ. ಮತ್ತೆ ಕೇಳಿದ್ರೆ ಅದೂ ಕ್ಯಾನ್ಸಲ್ ಆಗುತ್ತೆ. ನೀವು ಬರ್ಕೊಳ್ಳಿ ಮೇಡಂ," ಎಂದರು ಸಾಹೇಬರು.

ಬರೆದುಕೊಂಡೆ. ನನ್ನ ಗಂಡನ ಅನ್ನದ ಮಾತು ಕಣ್ಣೆದುರು ನಡೆಯುತ್ತಿದೆ, ನನಗೆ ಇರುವ ಅಧಿಕಾರ ಶಾರ್ಟ್‌ಹ್ಯಾಂಡಿನ ಗೀಟು ಎಳೆಯುವುದು. ಸ್ಪೋರ್ಟ್ಸ್ ಸೆಕ್ರೆಟರಿ ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ತಮ್ಮ ಉಪಾಯ ತಮ್ಮ ಕೈಯಲ್ಲೇ ಸಿಡಿದದ್ದು ಅವರಿಗೂ ಗೊತ್ತಾಗಿತ್ತು.

ಮೊದಲೇ ಮ್ಯಾನೇಜರ್ ಆಗಿದ್ದು, ಕೆಲಸ ಇಲ್ಲದೆ ಕೂತವರು ಯಾರಿದ್ದಾರೆ ಎಂದು ಹುಡುಕಿದರು. ಒಬ್ಬರಿದ್ದರು. ಸ್ಟೋರ್ಸ್ ಮ್ಯಾನೇಜರ್. ಸ್ಟೋರ್ಸಿಗೆ ಕಂಪ್ಯೂಟರ್ ಬಂದು, ಅದನ್ನು ಪರ್ಚೇಸ್ ವಿಭಾಗದೊಳಗೆ ಸೇರಿಸಿದಮೇಲೆ ಅವರಿಗೆ ಕ್ಯಾಂಟೀನ್ ಪಕ್ಕದ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟಿದ್ದರು. ಧಾರವಾಡ ಕಡೆಯವರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಡವರಿಗೆಲ್ಲ ನಮಸ್ಕಾರ. ಅವರಿಗೆ ಕಾಗದ ಕೊಡಲು ಹೋದವಳು ನಾನೇ. ಎರಡೆರಡು ಸಲ ಓದಿದರು.

"ತಂಗಿ, ಏನೋ ತಪ್ಪಾಗೇದ. ನನಗ ಫುಟ್‌ಬಾಲ್ ಅಂದ್ರ ಏನಂತ ಗೊತ್ತಿಲ್ಲ. ನಾ ಸಣ್ಣವ ಇದ್ದಾಗ ಖೋ ಖೋ ಆಡೇನಿ ಅಷ್ಟ."

ತಪ್ಪಲ್ಲ ಸಾರ್, ನಿಮಗೇ ಎಂದೆ. ನನ್ನ ದನಿಯಲ್ಲಿ ಏನಿತ್ತೋ, ಅವರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು.

ಪೇಂಟ್ ಶಾಪಿನ ಅಣ್ಣ ಸುದ್ದಿ ಕೇಳಿ ಕೂಗಾಡಿದ್ದು ಕಾರ್ಖಾನೆಯ ಆ ತುದಿಯ ಅಸೆಂಬ್ಲಿ ಶೆಡ್ಡಿನವರೆಗೂ ಕೇಳಿಸಿತಂತೆ. "ನಾನೇನ್ ಇವರಪ್ಪನ ಮನೆ ಗ್ರೇಡ್ ಕೇಳಿದ್ನಾ? ಗ್ರೌಂಡ್ ಕೇಳ್ದೆ ಕಣೋ, ಗ್ರೌಂಡು!" ಕೂಗಾಡಿದ್ದಕ್ಕೆ ಅವರನ್ನು ಸೆಕೆಂಡ್ ಶಿಫ್ಟಿಗೆ ಹಾಕಿದರು. ಪ್ರಾಕ್ಟೀಸ್ ನಡೆಯುವುದೂ ಮ್ಯಾಚ್ ನಡೆಯುವುದೂ ಆ ಹೊತ್ತಿಗೇ. ಅಲ್ಲಿಗೆ ಅವರು ಅಂಚಿನಲ್ಲಿ ನಿಂತು ಕೂಗುವ ದಾರಿಯೂ ಮುಚ್ಚಿತು.

ಹೊಸ ಮ್ಯಾನೇಜರ್ ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮನಸಾರೆ ಬೈಯಬಹುದಿತ್ತು. ಆದರೆ ಅವರು ಬಂದಮೇಲೆ ತಂಡದ ಬಸ್ಸು ಹೊತ್ತಿಗೆ ಸರಿಯಾಗಿ ಬರತೊಡಗಿತು. ಹರಿದ ಬೂಟುಗಳಿಗೆ ಹೊಲಿಗೆ ಬಿತ್ತು. ಬಾಳೆಹಣ್ಣು, ಗ್ಲೂಕೋಸ್ ನೀರು, ಐಸು, ಬ್ಯಾಂಡೇಜು ಎಲ್ಲ ಇರುತ್ತಿದ್ದವು. ಮೈದಾನದ ಕಬ್ಬಿಣದ ಚೂರುಗಳನ್ನು ಆಯಿಸಲು ಸ್ಟೋರ್ಸಿನಲ್ಲಿದ್ದ ದೊಡ್ಡ ಅಯಸ್ಕಾಂತವನ್ನೇ ತರಿಸಿದರು. ನಮ್ಮವರ ಮೊಣಕೈ ಆ ವರ್ಷ ಮೊದಲ ಸಲ ವಾಸಿಯಾಯಿತು. ಬಾಲು ಯಾವ ಕಡೆ ಹೋಗಬೇಕು ಎಂಬುದೊಂದನ್ನು ಬಿಟ್ಟರೆ ಆ ಮನುಷ್ಯ ಎಲ್ಲವನ್ನೂ ನೋಡಿಕೊಂಡರು.

ಆಟದ ನಡುವೆ ಒಬ್ಬನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಇಳಿಸುವ ಹೊತ್ತು ಬಂದಾಗ ಅವರು ಸ್ಟೋರ್ಸಿನ ನಿಯಮ ಹಚ್ಚಿದರು. ಮೊದಲು ಬಂದ ಸಾಮಾನು ಮೊದಲು ಹೊರಗೆ. ಸ್ಟೋರ್ಸಿನವರು ಅದನ್ನು ಫೀಫೋ ಎನ್ನುತ್ತಾರೆ. ಅದರ ಪ್ರಕಾರ ತಂಡದಲ್ಲಿ ಎಲ್ಲರಿಗಿಂತ ಹಳಬನಾದ ಕ್ಯಾಪ್ಟನ್ ಪ್ರತಿ ಮ್ಯಾಚಿನಲ್ಲೂ ಮೊದಲು ಹೊರಗೆ. "ಹಿರಿಯಾರು, ದಣಿದಿರ್ತಾರ, ಕೂತು ಬಾಳಿಹಣ್ಣು ತಿನ್ಲಿ," ಎನ್ನುತ್ತಿದ್ದರು. ನಮ್ಮ ಸಾರ್‌ಗೆ ಫೀಫಾ ಗೊತ್ತಿಲ್ಲ, ಫೀಫೋ ಗೊತ್ತು ಎಂದು ಹುಡುಗರು ನಗುತ್ತಿದ್ದರು. ಮನೆಯಲ್ಲಿ ಅದನ್ನು ಹೇಳಿ ನಮ್ಮವರೂ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

"ನಿಮ್ಮ ನೌಕರಿ ಹೋಗ್ತಿದೆ ರೀ, ನಗ್ತೀರಲ್ಲ! ಕೂರಿಸಿಕೊಂಡು ಹೇಳಿಕೊಡಬಾರದಾ ಅವರಿಗೆ?"

"ಹೇಳ್ದೆ ಕಣೆ. ಎಲ್ಲಾದಕ್ಕೂ ಹೂಂ ಹೂಂ ಅಂತಾರೆ. ಮೈದಾನಕ್ಕೆ ಬಂದ್ರೆ ಪಾಪ ಎಲ್ಲಾ ಮರ್ತೋಗುತ್ತೆ ಅವರಿಗೆ. ಮ್ಯಾನೇಜರ್‌ನ ಎಷ್ಟು ಅಂತ ತಿದ್ದೋದು?"

ಅದೂ ನಿಜವೇ. ಟೆಂಪರರಿ ಕೆಲಸಗಾರ ಮ್ಯಾನೇಜರ್‌ಗೆ ಎಷ್ಟು ಹೇಳಿಯಾನು?

ಅದು ಹೇಗೋ ಒಂದೆರಡು ಮ್ಯಾಚು ಡ್ರಾ ಆದವು. ಎಲ್ಲ ನಮ್ಮವರ ಕೈಗಳಿಂದ; ಇದನ್ನು ಹೆಂಡತಿಯಾಗಿ ಹೇಳುತ್ತಿಲ್ಲ, ಅಂದು ಪೇಪರಿನಲ್ಲೂ ಒಂದು ಸಾಲು ಬಂದಿತ್ತು. ಕೊನೆಯ ಮ್ಯಾಚಿಗೆ ಬರುವ ಹೊತ್ತಿಗೆ ಲೆಕ್ಕ ಸರಳವಾಗಿತ್ತು. ಸೋಲದಿದ್ದರೆ ಉಳಿಯುತ್ತೇವೆ. ಗೆಲ್ಲಬೇಕಾಗಿಯೂ ಇಲ್ಲ. ನಾನು ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಊರೊಳಗಿನ ಸ್ಟೇಡಿಯಮ್ಮಿಗೆ ಹೋದೆ. ಸಿಮೆಂಟಿನ ಮೆಟ್ಟಿಲುಗಳ ಮೇಲೆ ಬೆರಳೆಣಿಕೆಯ ಜನ, ಹೆಂಗಸು ನಾನೊಬ್ಬಳೇ. ಕೆಳಗೆ ಗೆರೆಯ ಪಕ್ಕ ನಮ್ಮ ಮ್ಯಾನೇಜರ್ ಕೊಡೆ ಹಿಡಿದು, ಪಕ್ಕದಲ್ಲಿ ಬಾಳೆಗೊನೆ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ನಮಸ್ಕಾರ ಮಾಡಿದರು.

ಆಟ ಮುಗಿಯುತ್ತಾ ಬಂತು. ಯಾರೂ ಗೋಲು ಹೊಡೆದಿರಲಿಲ್ಲ. ನಾನು ಸೆರಗಿನ ಚುಂಗನ್ನು ಕಚ್ಚಿಕೊಂಡು ಕೂತಿದ್ದೆ. ಆಗ ಎದುರು ತಂಡದ ಒಬ್ಬ ನಮ್ಮ ಹುಡುಗರನ್ನೆಲ್ಲ ದಾಟಿ, ಮುಂದೆ ಒಬ್ಬನೇ ನಿಂತಿದ್ದ. ದೂರದಿಂದ ಬಾಲು ಅವನ ಕಾಲಿಗೆ ಬಂತು. ನಮ್ಮ ಹಿಂದಿನ ಸಾಲಿನವರು ಓಡಲಿಲ್ಲ. ಆಫ್‌ಸೈಡ್, ಹಾಗೆ ಮುಂದೆ ನಿಲ್ಲುವಂತಿಲ್ಲ ಎಂದು ಬಾವುಟ ಹಿಡಿದ ಲೈನ್ಸ್‌ಮನ್ ಕಡೆ ತಿರುಗಿ ಎಲ್ಲರೂ ಕೈ ಎತ್ತಿ ನಿಂತುಬಿಟ್ಟರು. ಬಾವುಟ ಏಳಲಿಲ್ಲ, ಸೀಟಿ ಊದಲಿಲ್ಲ. ಓಡ್ರೋ ಎಂದು ಕೂಗಬೇಕಾದ ಬಾಯಿ ಆ ಹೊತ್ತಿನಲ್ಲಿ ಪೀಣ್ಯದಲ್ಲಿ ಪೇಂಟ್ ಹೊಡೆಯುತ್ತಿತ್ತು. ನಮ್ಮ ಮ್ಯಾನೇಜರ್ ಗಡಬಡಿಸಿ ಎದ್ದರು. ತಮ್ಮ ಹುಡುಗರೆಲ್ಲ ಕೈ ಎತ್ತಿದ್ದು ನೋಡಿ, ಕೊಡೆಯನ್ನು ಎಡಗೈಗೆ ಬದಲಿಸಿಕೊಂಡು, ತಾವೂ ಬಲಗೈ ಎತ್ತಿದರು. ಮೀಟಿಂಗಿನಲ್ಲಿ ಠರಾವಿಗೆ ಒಪ್ಪಿಗೆ ಕೊಡುವ ಹಾಗೆ.

ನಮ್ಮವರೊಬ್ಬರೇ ಗೋಲು ಬಿಟ್ಟು ಮುಂದೆ ಓಡಿ ಬಂದರು. ಆ ಉದ್ದನೆಯ ಮೈಯನ್ನು ಪೂರ್ತಿ ಚಾಚಿ ಬಿದ್ದರು. ಬಾಲು ಅವರ ಬೆರಳಿನ ತುದಿಗೆ ತಾಗಿಯೇ ಒಳಗೆ ಹೋಯಿತು.

ತಂಡ ಇಳಿಯಿತು. ತಂಡ ಮುಚ್ಚಿತು. ನಮ್ಮವರ ಆರ್ಡರಿನ ಅವಧಿ ಆ ತಿಂಗಳ ಕೊನೆಯ ಶನಿವಾರಕ್ಕೆ ಮುಗಿಯುತ್ತಿತ್ತು. ಕೆಲಸದಿಂದ ತೆಗೆಯುವ ಕಾಗದವನ್ನು ನನ್ನ ಕೈಯಲ್ಲೇ ಟೈಪ್ ಮಾಡಿಸುತ್ತಾರೇನೋ ಎಂದು ಹೆದರಿಕೊಂಡಿದ್ದೆ. ಅಂಥ ಕಾಗದವೇ ಇರುವುದಿಲ್ಲ ಎಂಬುದು ಅಷ್ಟು ವರ್ಷ ಅದೇ ಆಫೀಸಿನಲ್ಲಿದ್ದ ನನಗೆ ಹೊಳೆದಿರಲಿಲ್ಲ. ಮುಂದುವರಿಸಲು ಕಾಗದ ಬೇಕು. ನಿಲ್ಲಿಸಲು ಯಾರೂ ಏನೂ ಮಾಡಬೇಕಾಗಿಲ್ಲ. ಶನಿವಾರ ಬಂತು, ಹೋಯಿತು.

ಮಾರನೆಯ ದಿನ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಮ್ಯಾನೇಜರ್. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. "ನಮ್ಮ ಮನಿಯವರು ಕೊಟ್ಟು ಕಳಿಸ್ಯಾರ," ಎಂದು ನನ್ನ ಕೈಗಿಟ್ಟು, ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತರು. ನಾನು ಕಾಫಿ ಮಾಡಿ ಕೊಟ್ಟೆ. ಅವರು ಕುಡಿದು ಲೋಟ ಕೆಳಗಿಟ್ಟು ನಮ್ಮವರನ್ನು ಕೇಳಿದರು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತು ಎಲ್ಲಾರೂ ಕೈ ಯಾಕ ಎತ್ತಿದ್ರಿ? ನನಗ ಆವತ್ತಿಂದ ನಿದ್ದಿ ಬಂದಿಲ್ಲ."

ನಮ್ಮವರು ನನ್ನ ಮುಖ ನೋಡಿದರು. ಆಮೇಲೆ ಒಲೆಯ ಕಟ್ಟೆಯಿಂದ ಸ್ಟೀಲ್ ಲೋಟಗಳನ್ನು ತಂದು ಚಾಪೆಯ ಮೇಲೆ ಸಾಲಾಗಿ ಜೋಡಿಸಿದರು. ಇವರು ನಮ್ಮ ಬ್ಯಾಕ್ಸ್, ಹಿಂದಿನ ಸಾಲು ಸಾರ್, ಇದು ನಾನು, ಇವನು ಅವರ ಫಾರ್ವರ್ಡ್. ಬಾಲ್ ಒದೆಯೋ ಹೊತ್ತಲ್ಲಿ ಇವನು ಈ ಸಾಲು ದಾಟಿರಬಾರದು, ದಾಟಿದ್ರೆ ಗೋಲ್ ಲೆಕ್ಕಕ್ಕಿಲ್ಲ. ಕೆಲಸ ಕಳೆದುಕೊಂಡ ಮರುದಿನ ಆ ಮನುಷ್ಯ ಮಂಡಿಯೂರಿ, ಒಂದೊಂದು ಲೋಟವನ್ನೂ ಸರಿಸಿ ಸರಿಸಿ, ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟರೆಂದರೆ ನಾನು ಒಲೆಯ ಕಡೆ ತಿರುಗಿ ನಿಲ್ಲಬೇಕಾಯಿತು.

ಮ್ಯಾನೇಜರ್ ಬಗ್ಗಿ ಲೋಟಗಳನ್ನೇ ನೋಡುತ್ತಿದ್ದರು. ಫಾರ್ವರ್ಡ್ ಲೋಟವನ್ನು ತಾವೇ ಎತ್ತಿ ಹಿಂದಿಟ್ಟರು, ಮತ್ತೆ ಮುಂದಿಟ್ಟರು. ಇದ್ದಕ್ಕಿದ್ದ ಹಾಗೆ ಧಡಕ್ಕನೆ ಎದ್ದು ನಿಂತರು.

"ಹಂಗಾದ್ರ ಅದು ಗೋಲ್ ಅಲ್ಲಲ್ರೀ! ಅನ್ಯಾಯ ಆಗೇದ ಇದು! ಆ ಮಗ ಬಾವುಟ ಯಾಕ ಎತ್ತಲಿಲ್ಲ?" ನಮ್ಮ ಒಂದು ಕೋಣೆಯ ಮನೆಯಲ್ಲಿ, ಲೋಟಗಳ ನಡುವೆ ನಿಂತು, ಮೊದಲ ಸಲ ಆ ಮನುಷ್ಯ ಫುಟ್‌ಬಾಲ್ ಮ್ಯಾನೇಜರ್ ಹಾಗೆ ಕೂಗಾಡಿದರು.

ಅಷ್ಟು ತಿಂಗಳು ಕಟ್ಟಿಕೊಂಡಿದ್ದ ನನ್ನ ಬಾಯಿ ಆಗ ಬಿಚ್ಚಿಕೊಂಡಿತು. "ಸಾರ್, ನಿಮಗೆ ಗೊತ್ತಿರಲಿಲ್ಲ ಅಂದಮೇಲೆ ಬೇಡ ಅನ್ನಬಹುದಿತ್ತಲ್ಲ?"

ಅವರು ಮತ್ತೆ ಮೆಲ್ಲಗೆ ಕೂತರು. "ಅಂದಿದ್ದೆ ತಂಗಿ. ಬ್ಯಾಡ ಅಂದ್ರ ವಿ.ಆರ್.ಎಸ್. ಫಾರ್ಮ್ ತುಂಬ್ರಿ ಅಂದ್ರು. ಮಗಳ ಮದುವಿ ಆಗಿಲ್ಲ ಇನ್ನಾ." ಎದುರಿನ ಲೋಟವನ್ನು ಪಕ್ಕಕ್ಕೆ ಸರಿಸಿ, "ಈಗ ತಂಡ ಇಲ್ಲಲ್ಲ, ನಿನ್ನೆ ತುಂಬಿ ಕೊಟ್ಟೆ," ಎಂದರು.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಹೇಳಿ. ಬೈಯಲು ಒಬ್ಬೇ ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ಅವತ್ತು ನನ್ನ ಎದೆ ಹಗುರಾಗುತ್ತಿತ್ತು. ಅವರಿಗೆ ಎರಡನೇ ಸಲ ಕಾಫಿ ಬಗ್ಗಿಸಿದೆ.

ಅವರು ಹೋದಮೇಲೆ ನಮ್ಮವರು ಲೋಟ ಎತ್ತಿಡುತ್ತಾ, "ಎಷ್ಟು ಬೇಗ ಅರ್ಥ ಮಾಡ್ಕೊಂಡ್ರು ನೋಡಿದ್ಯಾ? ಇನ್ನೊಂದು ಸೀಸನ್ ಸಿಕ್ಕಿದ್ರೆ ಒಳ್ಳೆ ಮ್ಯಾನೇಜರ್ ಆಗ್ತಿದ್ರು ಕಣೆ," ಎಂದರು. ನಿಜವಾಗಿ ಸಂತೋಷಪಟ್ಟು ಹೇಳಿದರು. ಯಾವ ತಂಡಕ್ಕೆ ಎಂದು ಕೇಳಬೇಕೆನಿಸಿತು. ಸೋಮವಾರ ಬೆಳಿಗ್ಗೆ ನಾನು ಕಾರ್ಖಾನೆಗೆ ಹೋದೆ. ನಮ್ಮವರು ಹೋಗಲಿಲ್ಲ.